ಬೋಲ್ಟಿಗೆ ಹಚ್ಚಿದ ಕುಂಕುಮ

ಆಯುಧಪೂಜೆಗೆಂದು ಈ ಸಲವೂ ಜಯಲಕ್ಷ್ಮಿಪುರಂನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ದೇವರ ಕಪಾಟಿನಲ್ಲಿ ಕುಂಕುಮದ ಬಟ್ಟಲು ತಡಕಾಡುವಾಗ ಕೈಗೆ ಸಿಕ್ಕಿದ್ದು ಒಂದು ಬೋಲ್ಟು. ಮೂಸಿದರೆ ಇನ್ನೂ ಎಂಜಿನ್ ಆಯಿಲ್ ವಾಸನೆ. ದೇವರ ಪಕ್ಕ ಬೋಲ್ಟೇಕೆ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ.

ಚಿಕ್ಕಮ್ಮ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವರು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಹಳೇ ಕಾರು ಶೆಡ್ಡಿನಲ್ಲೇ ನಿಂತು, ಬೆಕ್ಕೊಂದು ಅದರಲ್ಲಿ ಸಂಸಾರ ಹೂಡಿತ್ತು. ಚಿಕ್ಕಮ್ಮನೂ ಹಾಗೇ ನಿಂತುಬಿಟ್ಟಿದ್ದರು. ಯಾರೂ ಬೇಡವೆನ್ನದಿದ್ದರೂ ಕುಂಕುಮ ಇಡುವುದನ್ನು ಬಿಟ್ಟಿದ್ದರು. ಒಂದು ದಿನ ಇದ್ದಕ್ಕಿದ್ದಂತೆ, "ಈ ಕಾರನ್ನ ನಾನೇ ಓಡಿಸ್ತೀನಿ ಕಣೇ" ಅಂದರು. ಮಂಡಿ ಮೊಹಲ್ಲಾದಿಂದ ಮೆಕ್ಯಾನಿಕ್ ಬಸವರಾಜು ಬಂದು ಎಂಜಿನ್ ಬಿಚ್ಚಿದರು.

ಕ್ರ್ಯಾಂಕ್ ಎಂಬ ಭಾರದ ದಂಡವೊಂದು ಎಂಜಿನ್ನಿನ ಹೊಟ್ಟೆಯಲ್ಲಿ ತಿರುಗುತ್ತದಲ್ಲ, ಅದನ್ನು ಅಲುಗದಂತೆ ಹಿಡಿದಿಡುವವು ಮೇನ್ ಬೇರಿಂಗ್ ಬೋಲ್ಟುಗಳು. ಅವು ಸಡಿಲಾದರೆ ಎಂಜಿನ್ನೇ ಹೋಯಿತು. ಆ ಕಾಲದ ಇನ್ನೊಂದು ಎಂಜಿನ್ ಎಲ್ಲೂ ಸಿಗುವ ಹಾಗಿರಲಿಲ್ಲ. ಯಾವ ಬೋಲ್ಟು ಹಾಕುವುದೆಂಬ ಚರ್ಚೆಗೆ ನಾನೂ ತಲೆ ಹಾಕಿದೆ. ಒಂದೆರಡು ವಿಡಿಯೋ ನೋಡಿ ಪಂಡಿತಳಾಗಿದ್ದೆನಲ್ಲ! ರೇಸ್ ಕಾರಿನ ಭಾರೀ ಗಟ್ಟಿ ಬೋಲ್ಟು ತರಿಸೋಣವೆಂದೆ.

"ಬುಡಿ ಮೇಡಂ," ಬಸವರಾಜು ನಕ್ಕರು. "ಅದರ ಹಿಡಿತವೇ ಬೇರೆ. ಬೇರಿಂಗ್ ಕೂರೋ ಗುಂಡಿ ಆಕಾರ ಕೆಟ್ಟೋಯ್ತದೆ, ಮತ್ತೆ ಕೊರೆಸ್ಬೇಕು. ಪೇಟ ಚೆಂದ ಅದೆ ಅಂತ ತಲೆ ಕೆತ್ತುಸ್ಕೊಳ್ಳಕಾಯ್ತದಾ?"

ಚಿಕ್ಕಮ್ಮನ ಮನಸ್ಸು ಹಳೆಯವುಗಳ ಮೇಲೇ. ಹಿಂದೊಮ್ಮೆ ಚಿಕ್ಕಪ್ಪ ತಮ್ಮ ಕೈಯಾರೆ ಬಿಗಿದಿದ್ದ ಬೋಲ್ಟುಗಳು ಅವು. ಚಿಕ್ಕಮ್ಮ ಒಂದೊಂದಕ್ಕೂ ನಟ್ಟು ಹಾಕಿ ಬೆರಳಿನಲ್ಲೇ ತಿರುಗಿಸಿ ನೋಡಿದರು. ಒಂದರಲ್ಲಿ ನಟ್ಟು ನಡುವೆ ಸಿಕ್ಕಿಕೊಂಡಿತು. ವರ್ಷಗಟ್ಟಲೆ ಎಳೆತ ತಿಂದು ಬೋಲ್ಟು ಹಿಗ್ಗಿತ್ತು. ಮತ್ತೆ ತಿರುಗಿಸಿದರು, ಮತ್ತೆ ಅಲ್ಲೇ ನಿಂತಿತು. ನಟ್ಟು ಬಿಡಿಸಿ ಬೋಲ್ಟನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

"ಪಾಪ, ಹಿಡಿಯೋಷ್ಟು ದಿನ ಹಿಡೀತು," ಅಂದರು ಕೊನೆಗೆ. "ಎಲ್ಲಾ ಹೊಸದೇ ತನ್ನಿ ಬಸವರಾಜು. ಅಳತೆ ಮಾತ್ರ ಹಳೇದೇ ಇರ್ಲಿ." ಸಿಕ್ಕಿಕೊಂಡಿದ್ದ ಆ ಒಂದನ್ನು ಮಾತ್ರ ಒಳಗೊಯ್ದು ದೇವರ ಕಪಾಟಿನಲ್ಲಿಟ್ಟರು.

ಹೊಸವು ಬಂದಿದ್ದು ಆ ವರ್ಷದ ಆಯುಧಪೂಜೆಗೆ ಸರಿಯಾಗಿ. ಪೂಜೆಯಾಗದೆ ಮುಟ್ಟುವುದುಂಟೆ? ಮಣೆಯ ಮೇಲೆ ಸಾಲಾಗಿ ಜೋಡಿಸಿ ಚಿಕ್ಕಮ್ಮ ತಲೆಯಿಂದ ಕಾಲಿನವರೆಗೆ ಕುಂಕುಮ ಮೆತ್ತಿದರು. ತಾವು ಬಿಟ್ಟಿದ್ದನ್ನೆಲ್ಲ ಅವಕ್ಕೇ ಕೊಟ್ಟರೇನೋ ಎಂದು ನನಗೆ ಸಂಕಟವಾಯಿತು. ಮರುದಿನ, ವಿಜಯದಶಮಿಯಂದು, ಬಸವರಾಜು ಬಿಗಿಯಲು ಕೂತರು. ಬೇಕಾದಷ್ಟು ಬಿಗಿಯಾದಾಗ ಟಕ್ ಎನ್ನುವ ಸ್ಪ್ಯಾನರ್ ಅವರದು. ಮೊದಲ ಬೋಲ್ಟೇ ಕಿರ್ರ್ ಎಂದಿತು, ಹಿಂದೆಯೇ ಟಕ್.

"ನಿಲ್ಸಿ!" ಚಿಕ್ಕಮ್ಮ ಕೂಗಿದರು. "ಇಷ್ಟು ಬೇಗ ಹೇಗ್ರೀ ಬಿಗಿಯಾಯ್ತು?"

ಬಿಚ್ಚಿ ನೋಡಿದರೆ ಬೋಲ್ಟಿನ ಥ್ರೆಡ್ಡಿನ ಗೆರೆಗಳ ತುಂಬ ಕುಂಕುಮ! ಪುಡಿ ಸಿಕ್ಕಿಕೊಂಡು ತಿರುಗಲು ಬಿಗಿಯಾಗಿತ್ತೇ ಹೊರತು ಹಿಡಿತ ಬಂದಿರಲಿಲ್ಲ. ಹಾಗೇ ಬಿಟ್ಟಿದ್ದರೆ ಪೂಜೆಯ ಫಲದಿಂದಲೇ ಎಂಜಿನ್ನಿಗೆ ಮೋಕ್ಷ. ಮೂವರೂ ಹೊಟ್ಟೆ ಹಿಡಿದು ನಗುತ್ತ ಬೋಲ್ಟುಗಳಿಗೂ ಅವುಗಳ ತೂತುಗಳಿಗೂ ಪೆಟ್ರೋಲಿನಲ್ಲಿ ಅಭ್ಯಂಜನ ಮಾಡಿಸಿ, ಎಣ್ಣೆ ಸವರಿದೆವು.

"ಕೆಲ್ಸ ಮಾಡೋವಕ್ಕೆ ತಲೆ ಮೇಲೊಂದು ಬೊಟ್ಟು ಸಾಕು ಕಣ್ರಮ್ಮ," ಎಂದರು ಬಸವರಾಜು.

ಆ ದೀಪಾವಳಿಗೆ ಚಿಕ್ಕಮ್ಮ ನನ್ನನ್ನು ಕೂರಿಸಿಕೊಂಡು ಬನ್ನಿಮಂಟಪದವರೆಗೆ ಓಡಿಸಿದರು. ಸಿಗ್ನಲ್ಲಿನಲ್ಲಿ ಹಿಂದಿನವನು ಹಾರ್ನ್ ಒತ್ತಿದರೆ, "ಎಂಜಿನ್ ಸದ್ದು ಕೇಳಿಸ್ಕೊಳ್ತಾ ಇದೀನಿ, ತಡಿಯಪ್ಪಾ" ಎಂದು ಗದರಿದರು.

ಈಗ ಆ ಹಳೇ ಬೋಲ್ಟನ್ನು ಹಿಡಿದು, ಎಲ್ಲಿ ಕುಂಕುಮ ಇಡಲೆಂದು ನಾನು ಯೋಚಿಸುತ್ತಿರುವಾಗ ಚಿಕ್ಕಮ್ಮ ಕಾರಿನ ಬೀಗದಕೈ ಕುಣಿಸುತ್ತ ಬಂದರು.

"ಅದಕ್ಕೆ ಮೈತುಂಬ ಹಚ್ಚು. ಅದರ ಕೆಲ್ಸ ಮುಗೀತು."

ಹಚ್ಚಿದೆ. ಬಟ್ಟಲು ಮುಚ್ಚಲು ಹೋದರೆ ಅವರು ಕದಲಲಿಲ್ಲ. ಕನ್ನಡಕ ತೆಗೆದು ನನ್ನ ಮುಂದೆ ಬಗ್ಗಿದರು.

"ನಂಗೆ ಒಂದೇ ಬೊಟ್ಟು ಕಣೇ. ಹಣೆಗೆ."

ಇಟ್ಟೆ. ಬೊಟ್ಟು ಕೊಂಚ ಓರೆಯಾಯಿತು. ಅವರು ಹಾಗೇ ಹೋಗಿ ಕಾರು ಹತ್ತಿದರು.