ಅಪ್ಪ ಉಳಸಿದ ಟಗರು

ಸಿಂದಗಿ ದವಾಖಾನ್ಯಾಗ ಅಪ್ಪ ಮಲಗಿದ್ದಾಗ ಅಲ್ಲೊಬ್ಬಾಕಿ ನರ್ಸಬಾಯಿ ಇದ್ದಳು. ಕ್ರಿಸ್ತರಾಕಿ. ಊಟದ ಹೊತ್ತಿನ್ಯಾಗ ಕಿಡಕಿ ಬಾಜೂ ಕುಂತು ಬೈಬಲ್ ಓದೂದು ಆಕಿ ರೂಢಿ. ಅಪ್ಪ ಸುಮ್ಮನಿರಬೇಕಲ್ಲ, "ಅದರಾಗ ನಮ್ಮಂಥ ಕುರಿ ಕಾಯೋರ ಸುದ್ದಿ ಏನರ ಐತೇನವಾ?" ಅಂತ ಕೇಳಿದ. "ಪುಸ್ತಕದ ತುಂಬ ಕುರೀನ ಅದಾವು ಕಾಕಾ," ಅಂತ ನಕ್ಕು, ಒಬ್ಬ ರಾಜನ ಕಥಿ ಸುರು ಮಾಡಿದಳು. ಅಷ್ಟು ದೊಡ್ಡ ಪುಸ್ತಕದಾಗ ಬ್ಯಾರೆ ಕಥಿ ಸಿಗಲಿಲ್ಲೇನು ಆಕಿಗೆ!

ದೇವರು ಆ ರಾಜಗ ಹೇಳಿದ್ದನಂತ: ವೈರಿಗಳ ಮ್ಯಾಲೆ ಹೋಗು, ಅವರದು ಏನೂ ಉಳಸಬ್ಯಾಡ, ಕುರಿ ದನ ಸೈತ. ರಾಜ ಹೋದ, ಗೆದ್ದ. ಖರೆ, ಮೈತುಂಬಿದ ಚೊಲೋ ಚೊಲೋ ಕುರಿ ಉಳಸಿಕೊಂಡ. ಅವನ ತಲಿಗೆ ಎಣ್ಣಿ ಹೊಯ್ದು ರಾಜನ್ನ ಮಾಡಿದ್ದ ಮುದುಕ ಪ್ರವಾದಿ ಬಂದು ಕೇಳಿದನಂತ, "ಎಲ್ಲಾ ಮುಗಿಸೇನಿ ಅಂತಿ, ಹಂಗಾರ ಈ ಕುರಿ ಒದರೂದು ಏನು?"

ಅಪ್ಪ ಎದ್ದು ಕುಂತ. ನನ್ನ ಕೈಯಾಗ ಗಂಜಿ ಬಟ್ಟಲಿತ್ತು, ಕುಡಸೂದು ಮರತ್ನಿ. ಅದು ನಮ್ಮ ಮನಿ ಕಥಿ ಆಗಿತ್ತು.

ಅದಕ್ಕಿಂತ ಎರಡು ವರ್ಷ ಹಿಂದಿನ ಮಾತು, ಎಪ್ಪತ್ತರ ದಶಕದ ನಡುವಿಂದು. ನಮ್ಮದು ಯಂಕಂಚಿ ಕಡೆ ಒಂದು ಹಳ್ಳಿ. ಅಪ್ಪ ನಮ್ಮ ಕುರಿಗಾರರಿಗೆ ಹಿರ್ಯಾ. ಯಾವ ಹೊಲದಾಗ ಹಿಂಡು ನಿಲ್ಲಸಬೇಕು, ಬ್ಯಾಸಗ್ಯಾಗ ತಂಗಡಗಿ ಹೊಳಿ ದಂಡಿಗೆ ಎಂದ ಹೊಂಡಬೇಕು, ಎಲ್ಲಾ ಅವನ ಮಾತಿನ ಮ್ಯಾಲೆ. ಕೂಟ ಕೂಡಿದಾಗ ಅವನೊಬ್ಬಗ ಕರಿ ಕಂಬಳಿ ಹಾಸತಿದ್ರು, ಉಳದವರೆಲ್ಲಾ ನೆಲದ ಮ್ಯಾಲೆ. ಆ ಕಂಬಳಿ ನೇಯಿಸಿ, ಹಣಿಗೆ ದೇವರ ಅರಿಷಿಣ ಭಂಡಾರ ಹಚ್ಚಿ ಅವನ್ನ ಮೊದಲ ಸಲ ಕೂಡಿಸಿದಾಕಿ ಅವನ ಅಕ್ಕ, ನಮ್ಮತ್ತಿ. ತಾಯಿ ಇಲ್ಲದ ತಮ್ಮನ್ನ ಬಗಲಾಗ ಹೊತ್ತು ಬೆಳಸಿದಾಕಿನೂ ಆಕಿನ. ಗಂಡ ಸತ್ತ ಮ್ಯಾಲೆ ಆಕಿಗೆ ಇದ್ದದ್ದು ಹನ್ನೊಂದು ಕುರಿ ಮತ್ತ ಈ ತಮ್ಮ.

ಆ ವರ್ಷ ಕುರಿಗೆ ಸಿಡುಬು ಬಂತು. ಗುಡಿ ಮುಂದ ಎಲ್ಲಾರೂ ಕೂಡಿದ್ರು. ಪೂಜಾರಿ ಮೈಮ್ಯಾಲೆ ದೇವರು ಬಂದು ನುಡಿ ಆತು: "ಗುಳ್ಳಿ ಎದ್ದದ್ದು ಯಾರದ ಇರ್ಲಿ, ಒಂದೂ ಉಳಸಬ್ಯಾಡ್ರಿ. ಉಳದದ್ದನ್ನ ನಾ ಕಾಯ್ತೇನಿ." ಅಪ್ಪ ಭಂಡಾರ ಮುಟ್ಟಿ ಆಣಿ ಮಾಡಿದ. ಮರುದಿನ ತಾನ ಮುಂದ ನಿಂತು ಕುಣಿ ತೋಡಿಸಿದ. ಅತ್ತಿ ತನ್ನ ಏಳು ಕುರಿ ತಾನ ಹಗ್ಗಾ ಹಿಡದು ತಂದು ಕೊಟ್ಟಳು. ಅದರಾಗ ಒಂದು ಗಬ್ಬಿತ್ತು. "ದೇವರ ಮಾತ ಐತಿ, ತಗೋ ತಮ್ಮಾ," ಅಂದಳು, ಬಾಯಾಗ ಸೆರಗು ತುರುಕಿಕೊಂಡು ಹೋದಳು.

ನಂದೊಂದು ಟಗರಿತ್ತು. ಹುಟ್ಟಿದಾಗ ತಾಯಿ ಸತ್ತಿತ್ತು, ನಾನ ಆಡಿನ ಹಾಲು ಕುಡಸಿ ಜ್ವಾಪಾನ ಮಾಡಿದ್ನಿ. ನನ್ನ ದನಿ ಕೇಳಿದ್ರ ಸಾಕು, ಎಲ್ಲಿದ್ರೂ ಒದರತಿತ್ತು. ಅದರ ಕಿವಿ ಬುಡಕ ಎರಡು ಗುಳ್ಳಿ ಎದ್ದಿದ್ವು. ಅಪ್ಪ ಹಗ್ಗಾ ತಗೊಂಡ. ನಾ ಟಗರಿನ ಕೊಳ್ಳಿಗೆ ಬಿದ್ದು, "ಉಳಸಪ್ಪಾ, ಇದೊಂದು ಉಳಸಪ್ಪಾ, ಇಲ್ಲಂದ್ರ ನನ್ನೂ ಅದರ ಜೋಡಿ ಕುಣ್ಯಾಗ ಹಾಕು," ಅಂತ ಹೊಯ್ಕೊಂಡ್ನಿ. ಹನ್ನೆರಡು ವರ್ಷದ ಕ್ವಾಣದಂಥ ಹುಡುಗಿ! ಅತ್ತಿ ಏಳು ಕೊಟ್ಟದ್ದು ಕಣ್ಣಾರೆ ನೋಡಿದ್ನಲ್ಲ, ತಿಳೀಬಾರದಿತ್ತೇನು? ಅಪ್ಪ ಹಗ್ಗಾ ಹಿಡದ ಕೈ ಇಳಿಸಿದ. ಕಡೀಕ ಅದನ್ನ ಹಿತ್ತಲದಾಗ ಕಣಕಿ ಬಣವಿ ಹಿಂದ ಕಟ್ಟಿ, "ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದ.

ಬಾಯಿ ಬಿಡಲಿಲ್ಲ. ಖರೆ ಕೈ ಸುಮ್ಮನಿರಬೇಕಲ್ಲ! ದಿನಾ ಅದರ ಗುಳ್ಳಿಗೆ ಬೇವಿನೆಣ್ಣಿ ಹಚ್ಚತಿದ್ನಿ, ಅದ ಕೈಲೆ ಹೋಗಿ ಹಿಂಡಿನ ಎಳಿ ಮರಿ ಎತ್ತಿ ಮುದ್ದಾಡತಿದ್ನಿ. ಸ್ವಲ್ಪ ದಿನಕ್ಕ ಮರಿಗೋಳಿಗೆ ಗುಳ್ಳಿ ಎದ್ವು. ಬ್ಯಾನಿ ಹೋತು ಅಂತ ಉಸರು ಬಿಟ್ಟಿದ್ದ ಮಂದಿ ಮತ್ತ ಕುಣಿ ತೋಡಿದ್ರು. ಅತ್ತಿವು ಉಳದ ನಾಕೂ ಹೋದ್ವು.

ಕೂಟ ನಮ್ಮ ಅಂಗಳದಾಗ ಕೂಡಿತು. ಅಪ್ಪ ಕಂಬಳಿ ಮ್ಯಾಲೆ ಕುಂತಿದ್ದ. "ಎಲ್ಲಾ ಹೂಳೇವಿ, ಮತ್ತ ಎಲ್ಲಿಂದ ಬಂತಿದು?" ಅಂತ ಅತ್ತಿ ಕೇಳಾಕತ್ತಿದ್ದಳು. ನಾ ತಂಬಿಗಿ ತಗೊಂಡು ಬಂದು, "ಅಪ್ಪಾ, ನೀರು," ಅಂದ್ನಿ. ಅಷ್ಟ. ಬಣವಿ ಹಿಂದಿಂದ ನನ್ನ ಟಗರು ಒದರಿತು.

ಅತ್ತಿ ಎದ್ದು ಹೋಗಿ ನೋಡಿ ಬಂದಳು. ಯಾರೋ ಹಿಂದಿಂದ, "ಬೇಲೀನ ಎದ್ದು ಹೊಲಾ ಮೇಯ್ದಂಗ ಆತು," ಅಂದ್ರು. ಅತ್ತಿ ಅಪ್ಪನ ಮುಂದ ನಿಂತು, "ಉಳಸಂತ ಯಾರು ಹೇಳಿದ್ರೋ ತಮ್ಮಾ?" ಅಂದಳು. ಅಪ್ಪ ನನ್ನ ಕಡೆ ನೋಡಲೇ ಇಲ್ಲ. "ಯಾರೂ ಇಲ್ಲಕ್ಕ. ನನಗ ಆಸೆ ಆತು," ಅಂದ. ಆಕಿ ಅವನ ಕೈ ಹಿಡದು ಎಬ್ಬಿಸಿದಳು, ಕಂಬಳಿ ಮಡಚಿ ಬಗಲಾಗ ಇಟ್ಟುಕೊಂಡು ಹೋದಳು. ಮುಂದ ಅಪ್ಪ ಕೂಟದಾಗ ಬರಿ ನೆಲದ ಮ್ಯಾಲೆ, ಎಲ್ಲಾರಕಿಂತ ಹಿಂದ ಕೂಡತಿದ್ದ. ಅತ್ತಿ ನಮ್ಮ ಹೊಚ್ಚಲ ತುಳೀಲಿಲ್ಲ.

ಅದಕ್ಕ ದವಾಖಾನ್ಯಾಗ ಅಪ್ಪ ಆ ಕಥಿ ಬಿಡಲಿಲ್ಲ. "ರಾಜ ಏನಂದನವಾ?" ಅಂತ ಕೇಳಿದ.

"ನಾ ಅಲ್ಲ, ಮಂದಿ ಉಳಸಿದ್ರು ಅಂದ ಕಾಕಾ. ದೇವರು ಅವನ ರಾಜಪಟ್ಟ ಕಸಗೊಂಡ."

"ಥೂ," ಅಂದ ಅಪ್ಪ. "ಹಿರ್ಯಾ ಆದಾಂವ ಮಂದಿ ಮ್ಯಾಲೆ ಹಾಕಬಾರದು." ಮತ್ತ "ಆ ಮುದುಕ ಮುಂದ ಅವನ್ನ ನೋಡಾಕ ಬಂದನೇನು?" ಅಂದ.

"ಇಲ್ಲ ಕಾಕಾ. ಅವನ ಸಲುವಾಗಿ ಅತ್ತನಂತ. ಆದ್ರ ಸಾಯೂತನಕ ಬರಲಿಲ್ಲ."

ಅಪ್ಪ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ. "ಅಕ್ಕನ್ನ ಒಂದ ಸಲ ನೋಡಬೇಕಿತ್ತು," ಅಂದ.

ಮರುದಿನ ಮುಂಜಾನಿ ಬಸ್ಸಿಗೆ ಅತ್ತಿ ಮನಿಗೆ ಹೋದ್ನಿ. ಆಕಿ ಜ್ವಾಳಾ ಹಸನ ಮಾಡಾಕತ್ತಿದ್ದಳು. ಅಪ್ಪ ಉಳಿಯಾಂಗಿಲ್ಲ ಅಂತ ಹೇಳಿದ್ನಿ. ಮೊರ ಕೆಳಗಿಟ್ಟು ಕಣ್ಣಾಗ ನೀರು ತಂದಳು. "ಒಂದ ಮಾತು ಹೇಳವಾ. ನನ್ನ ಕುರಿ ಹೂಳಿಸಿ ತನ್ನದು ಬಚ್ಚಿಡಾಂವ ಅಲ್ಲ ಅಂವ, ನಾ ಎತ್ತಿ ಆಡಿಸೇನಿ ಅವನ್ನ. ಯಾರೋ ಕಾಲಿಗೆ ಬಿದ್ದು ಅತ್ತಿದ್ದಾರು. ಹಂಗಿದ್ರ ಹೇಳು, ಈಗಿಂದೀಗ ಬರ್ತೇನಿ."

ನಾಲಿಗಿ ತುದೀಗೆ ಬಂದಿತ್ತು. ಕಡೀಕ ಹೋದ ನಾಕೂ ಕುರಿ ನನ್ನ ಕೊಳ್ಳಿಗೆ ಕಟ್ಟ್ಯಾಳು ಅಂತ ಅಂಜಿದ್ನಿ. "ನನಗ ಗೊತ್ತಿಲ್ಲತ್ತಿ," ಅಂದ್ನಿ. ಆಕಿ ಮತ್ತ ಮೊರ ತಗೊಂಡಳು.

ದವಾಖಾನಿಗೆ ಬಂದ್ನಿ. ಅಪ್ಪ ನನ್ನ ನೋಡಿದ, ನನ್ನ ಬೆನ್ನ ಹಿಂದ ಬಾಗಲಾ ನೋಡಿದ. "ಬಸ್ಸು ಗದ್ಲ ಇತ್ತೇನವಾ?" ಅಂತಷ್ಟ ಕೇಳಿದ. ಮೂರು ದಿನಕ್ಕ ಹೋದ.

ಮಣ್ಣಿಗೆ ಅತ್ತಿ ಬಂದಳು. ಬಗಲಾಗ ಆ ಕಂಬಳಿ ಇತ್ತು. ಅಂಗಳದಾಗ ಹಾಸಿ, ಅದರ ಮ್ಯಾಲೆ ಅವನ್ನ ಕೂಡಿಸರಿ ಅಂದಳು. ಹಣಿಗೆ ಭಂಡಾರ ಹಚ್ಚಿ, "ನನ್ನ ಹಿರ್ಯಾ, ಒಂದ ಮಾತು ಹೇಳಬಾರದಿತ್ತೇನೋ," ಅಂತ ಎದಿ ಬಡಕೊಂಡಳು. ನಾ ಆಕಿ ಪಕ್ಕದಾಗ ನಿಂತಿದ್ನಿ, ಆಗರ ಹೇಳಿದ್ನೇನು? ಇಲ್ಲ. ಆಕಿ ಹೋಗಿನೂ ಎಷ್ಟೋ ವರ್ಷ ಆತು. ಓದಾಕ ಆಕಿ ಇಲ್ಲದಾಗ ಈಗ ಬರೀತೇನಿ: ಅತ್ತಿ, ಉಳಸಪ್ಪಾ ಅಂದಾಕಿ ನಾನು.