ಹಿತ್ತಿಲಲ್ಲಿ ಹೂತದ್ದು

ಮಾಕಳಿದುರ್ಗದ ತಿರುವಿನಲ್ಲಿ ಗೂಡ್ಸ್ ರೈಲು ಕೂಗಿತು. ಬಂಡೆಗೆ ಬಡಿದ ಕೂಗು ಹಿತ್ತಿಲು ಮುಟ್ಟುವ ಹೊತ್ತಿಗೆ ಕುಗ್ಗಿ, ಯಾರೋ ಹೊಟ್ಟೆ ಹಿಡಿದುಕೊಂಡು ನರಳಿದಂತಿತ್ತು. ಲಕ್ಕಮ್ಮ ಸಗಣಿ ಬಾಚುವುದನ್ನು ನಿಲ್ಲಿಸಿ ನುಗ್ಗೆಮರದ ಬುಡ ನೋಡಿದಳು. ನೋಡಬಾರದು ಅಂದುಕೊಂಡೇ ನೋಡಿದಳು.

ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ಊರಿನ ಅರ್ಧ ಜನ ಅವಳ ಕೈಗೇ ಹುಟ್ಟಿದವರು. ಮಗು ತಾಯಿಯ ಮಡಿಲಿಗೆ, ಹಿಂದೆಯೇ ಬೀಳುವ ಮಾಸು ಮಣ್ಣಿಗೆ. ನಾಯಿ ಕೆದಕದಷ್ಟು ಆಳಕ್ಕೆ, ಅರಿಶಿನ ಕುಂಕುಮ ಇಟ್ಟು. ಅದರಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಮೂರು ತಿಂಗಳ ಹಿಂದೆ, ರಕ್ತ ಹೋಗುವುದು ನಿಲ್ಲದೆ, ಸೊಸೆ ರಮ್ಯಳ ಗರ್ಭಕೋಶ ತೆಗೆದರು. ನರ್ಸ್ ಬಿಳಿ ಡಬ್ಬಿಯೊಂದನ್ನು ಕೈಗಿತ್ತು, "ಎದುರುಗಡೆ ಲ್ಯಾಬಿಗೆ ಕೊಟ್ಬಿಡಿ ಅಜ್ಜಿ" ಅಂದಳು. ಇಬ್ಬರು ಮೊಮ್ಮಕ್ಕಳು ಬೆಳೆದ ಜಾಗ. ಅದನ್ನು ಯಾರೋ ಕೊಯ್ದು ನೋಡುವುದೇ? ಲಕ್ಕಮ್ಮ ಡಬ್ಬಿಗೆ ಸೆರಗು ಮುಚ್ಚಿ ಬಸ್ ಹತ್ತಿದಳು. ಆ ಸಂಜೆಯೇ ಡಬ್ಬಿಯೊಳಗಿನ ಘಾಟು ನೀರು ಚೆಲ್ಲಿ, ನುಗ್ಗೆಮರದಡಿ ಹೂತಳು. ಹೊಲಿಗೆ ಮಾಗಿತು. ರಿಪೋರ್ಟನ್ನು ಯಾರೂ ಕೇಳಲಿಲ್ಲ.

ಈಗ ರಮ್ಯಳ ತೊಡೆಸಂದಿಯಲ್ಲಿ ಗಂಟು. ಅಡಿಕೆಯಷ್ಟಿದ್ದದ್ದು ಎರಡು ವಾರದಲ್ಲಿ ನಿಂಬೆಹಣ್ಣಿನಷ್ಟಾಗಿದೆ. ಬೆಂಗಳೂರಿನ ಡಾಕ್ಟರಮ್ಮ ಸೂಜಿ ಹಾಕಿ ನೋಡಿ, ಲಿಂಫೋಮಾ ಅನ್ನುವ ಕ್ಯಾನ್ಸರ್ ಇರಬಹುದು ಅಂದಿದ್ದರು. ಗರ್ಭಕೋಶದಲ್ಲೇ ಶುರುವಾಗಿರಬೇಕು, ಅಲ್ಲಿ ಹುಟ್ಟುವುದು ಬಲು ಅಪರೂಪ. ಯಾವ ಬಗೆಯದೆಂದು ತಿಳಿಯದೆ ಔಷಧಿ ಕೊಡುವಂತಿಲ್ಲ. "ತೆಗೆದದ್ದು ಲ್ಯಾಬಲ್ಲಿದ್ರೆ ತನ್ನಿ. ಇಲ್ದಿದ್ರೆ ಗಂಟನ್ನೇ ತೆಗೆದು ಕಳಿಸೋಣ. ಬೇಗ ಹೇಳಿ, ಇದು ಕಾಯೋ ಕಾಯಿಲೆ ಅಲ್ಲ."

ಮಗ ಬೈರೇಶ ಐದು ದಿನದಿಂದ ಲ್ಯಾಬಿಗೆ ಅಲೆಯುತ್ತಿದ್ದ. ಇವತ್ತೂ ಬರಿಗೈಲಿ ಬಂದ.

"ಡಬ್ಬಿ ಬಂದೇ ಇಲ್ವಂತೆ ಕಣವ್ವಾ! ಕಳ್ ನನ್ಮಕ್ಳು, ಕಳ್ದಾಕ್ಬಿಟ್ಟು ನಾಟ್ಕ ಆಡ್ತಾವ್ರೆ. ನಾಳೆ ಸ್ಟೇಷನ್‌ಗೇ ಹೋಗ್ತೀನಿ."

ಜಗಲಿಯಲ್ಲಿದ್ದ ರಮ್ಯ ನಕ್ಕಳು. "ಏನಂತ ಬರೆಸ್ತೀರ? ಹೆಂಡ್ತಿ ಗರ್ಭಕೋಶ ಕಾಣೆಯಾಗಿದೆ, ಕಂಡೋರು ತಿಳಿಸಿ ಅಂತಾನಾ?"

"ಸುಮ್ನಿರೇ. ಅವ್ವಾ, ನೀನ್ ಯಾರ್ ಕೈಗೆ ಕೊಟ್ಟೆ? ಗಂಡ್ಸಾ, ಹೆಂಗ್ಸಾ?"

ಲಕ್ಕಮ್ಮ ಜಗಲಿಯ ಅಂಚಿಗೆ ಕೂತಳು. ಹೇಳಿದರೆ ಮಗ ಇನ್ನು ಅವ್ವಾ ಅನ್ನುತ್ತಾನೋ ಇಲ್ಲವೋ. ಹೇಳದಿದ್ದರೆ ನಾಳೆಯೂ ಲ್ಯಾಬು, ನಾಡಿದ್ದೂ ಲ್ಯಾಬು. ಕಾಲು ನೀಡಲು ಹೋದ ರಮ್ಯ ಹಲ್ಲು ಕಚ್ಚಿದಳು.

"ಅವ್ರನ್ನ ಬೈಬ್ಯಾಡ ಕಣಪ್ಪಾ. ನಾನು ಕೊಡ್ಲೇ ಇಲ್ಲ. ಹಿತ್ಲಲ್ಲಿ ಹೂತ್ಬಿಟ್ಟೆ. ಗಂಟು ತೆಗೀಲಿ, ಈಗ್ಲೇ ಫೋನ್ ಮಾಡು."

ಬೈರೇಶ ಹಿತ್ತಿಲ ಕಡೆ ತಿರುಗಿ ನೋಡಿದ.

"ಮೂರ್ ತಿಂಗ್ಳಾಯ್ತಲ್ಲತ್ತೆ," ಅಂದಳು ರಮ್ಯ, ಮೆಲ್ಲಗೆ.

ಲಕ್ಕಮ್ಮ ಸೆರಗು ಸಿಕ್ಕಿಸಿ ಎದ್ದಳು. ಕಾಲಿಗೆ ಚಪ್ಪಲಿಯೂ ಇರಲಿಲ್ಲ. "ಆ ಡಾಕ್ಟ್ರಮ್ಮನ ಮುಂದೆ ನಾನೇ ಹೇಳ್ತೀನಿ. ಅಷ್ಟು ದಿನದಾಗೆ ಅದು ಎಲ್ಲೆಲ್ಲಿಗೆ ಹಬ್ಬಿರ್ತದೆ ಅಂತ ಅವ್ರನ್ನೇ ಕೇಳ್ತೀನಿ," ಅನ್ನುತ್ತಲೇ ಬಸ್ಸಿನ ದಾರಿ ಹಿಡಿದಳು. ಹಿಂದೆ ಬೈರೇಶ ಡಾಕ್ಟರಮ್ಮನಿಗೆ ಫೋನ್ ಹಚ್ಚಿದ.