ಮಗಳ ಪ್ರಬಂಧದ ಮೂರನೆಯ ಅಧ್ಯಾಯ

ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹೊಡೆದೆ. ನಳ ಬಂದಿತ್ತು, ಹಂಡೆ ತುಂಬಿ ಐದು ಕೊಡ ಹಿಡಿದಿಟ್ಟೆ. ಹದಿನಾರು ರೊಟ್ಟಿ ಬಡಿದೆ. ಅತ್ತೆಯ ತಲೆ ಹಿಕ್ಕಿದೆ. ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆ ಎರಡು ಬುಟ್ಟಿ ಸುತ್ತಿದೆ. ಮಗಳ ಗುರುಗಳು ಬರುವವರಿದ್ದರೆಂದು ಮಗ್ಗದ ಕೋಣೆಯ ಜೇಡರ ಬಲೆ ತೆಗೆದೆ.

ಮಗಳು ಧಾರವಾಡದಲ್ಲಿ ಜಾನಪದ ಎಂ.ಎ. ಓದುತ್ತಾಳೆ. ನಮ್ಮ ಗಜೇಂದ್ರಗಡದ ಕೈಮಗ್ಗದ ಸೀರೆಯ ಮೇಲೆ ಕಿರುಪ್ರಬಂಧ. ಎರಡು ಅಧ್ಯಾಯ ಒಪ್ಪಿಗೆಯಾಗಿದ್ದವು. 'ನೇಕಾರರ ಮನೆ' ಎಂಬ ಮೂರನೆಯದು ವಾಪಸು ಬಂದಿತ್ತು. ಸೋಮವಾರದೊಳಗೆ ಸರಿಯಾಗದಿದ್ದರೆ ಈ ವರ್ಷ ಹೋದಂತೆಯೇ. ಎರಡು ದಿನದಿಂದ ಹುಡುಗಿ ಅರ್ಧ ರೊಟ್ಟಿಗೇ ಏಳುತ್ತಿದ್ದಳು. ಹಾಳೆಯ ಅಂಚಿನಲ್ಲಿ ಗುರುಗಳು ಒಂದೇ ಸಾಲು ಬರೆದಿದ್ದರು: 'ಈ ಮನೆಯನ್ನು ನಾನೂ ಒಮ್ಮೆ ನೋಡಬೇಕು.'

ನರೇಗಲ್ ಮೇಲೆ ಬರುವ ಬಸ್ಸಿಗೆ ಅವರು ಒಬ್ಬರೇ ಬಂದರು. ನನ್ನ ವಯಸ್ಸಿನ ಹೆಂಗಸು. ಕುರ್ಚಿ ಹಾಕಿದರೆ ಕೂಡಲಿಲ್ಲ, ಅತ್ತೆಯ ಪಕ್ಕ ಚಾಪೆಯ ಮೇಲೆ ಕೂತರು. ಅತ್ತೆ ಕೊಂಡಿ ಹಾಕುತ್ತಿದ್ದರು. ಸೀರೆಯ ಒಡಲಿಗೊಂದು ಉದ್ದೆಳೆಯ ಹಾಸು, ಸೆರಗಿಗೆ ಬೇರೆ ಕೆಂಪು ಹಾಸು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವುದೇ ಕೊಂಡಿ.

"ಎಷ್ಟು ವರ್ಷ ಆತ್ರೀ ಈ ಕೆಲಸ?"

"ಇದೇನ್ ಕೆಲಸರೀ ಅಕ್ಕಾರ? ಕುಂತಾಗ ಮಾಡೂದು. ನೇಯಾಂವ ನನ್ನ ಮಗ."

"ನೀವು ಕೊಂಡಿ ಹಾಕಲಿಲ್ಲಂದ್ರ?"

"ಸೆರಗs ಕೂಡೂದಿಲ್ಲಲ್ರೀ! ಸೀರಿ ಹ್ಯಾಂಗ ಆಗತೈತಿ?"

ಗುರುಗಳು ಚೀಲದಿಂದ ಮಗಳು ಮನೆಮನೆಗೆ ಹೋಗಿ ತುಂಬಿಸಿದ್ದ ಫಾರಮ್ಮುಗಳನ್ನು ತೆಗೆದರು. ಮೊದಲನೆಯದು ನಮ್ಮದೇ. ನಮ್ಮವರ ಮುಂದೆ 'ನೇಕಾರಿಕೆ'. ಅತ್ತೆಯ ಮುಂದೆ, ನನ್ನ ಮುಂದೆ 'ಮನೆಗೆಲಸ'. ಹಾಗೆ ಬರೆಸಿದವಳು ನಾನೇ. ಈ ಓಣಿಯಲ್ಲಿ ಯಾವ ಹೆಂಗಸನ್ನು ಕೇಳಿದರೂ ಅದನ್ನೇ ಹೇಳುತ್ತಾಳೆ.

"ಇಷ್ಟೂ ಮನ್ಯಾಗ ಹೆಣ್ಮಕ್ಕಳು ಬರೇ ಅಡಿಗಿ ಮಾಡ್ತಾರೇನವ್ವಾ?" ಎಂದರು ಮಗಳಿಗೆ. "ಬಾ, ಒಂದು ಕೊಂಡಿ ಹಾಕಿ ತೋರಸು."

ಅವಳಿಗೆ ಬರಲಿಲ್ಲ. ಓದುವ ಹುಡುಗಿಯೆಂದು ನಾವೇ ಅವಳ ಕೈಗೆ ನೂಲು ಕೊಟ್ಟಿರಲಿಲ್ಲ. ಎಳೆ ಹರಿಯಿತು. ಗುರುಗಳೂ ಕೈ ಹಚ್ಚಿದರು. ಅವರದೂ ಹರಿಯಿತು.

"ಇಬ್ರೂ ಭಾಳ ಶ್ಯಾಣ್ಯಾರು!" ಎಂದರು ಅತ್ತೆ. "ಇಷ್ಟು ಸಾಲಿ ಕಲ್ತು ಒಂದು ಕುಣಿಕಿ ಬರವಲ್ದು."

ನಾನು ನಾಚಿ ಹೋದೆ. ಗುರುಗಳು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕನ್ನಡಕ ಒರೆಸಿಕೊಂಡು ಮತ್ತೆ ಎಳೆ ಹಿಡಿದರು. ಪ್ರಶ್ನೆ ಕೇಳಿ, ಫೋಟೋ ಹೊಡೆದು ಹೋದವರನ್ನು ನಾನು ಬಹಳ ನೋಡಿದ್ದೇನೆ. ಬೈಸಿಕೊಳ್ಳುತ್ತ ಕೂತು ಕಲಿತವರನ್ನು ಅವತ್ತೇ ನೋಡಿದ್ದು. ಮಧ್ಯಾಹ್ನ ಎರಡರ ಸುಮಾರಿಗೆ ಮಗಳ ಕೊಂಡಿ ಹರಿಯದೆ ನಿಂತಿತು, ಅದಾದ ಮೇಲೆ ಅವರದು.

ಮಗಳು ಹೊಸ ಫಾರಮ್ಮು ತೆಗೆದಳು. "ಅಜ್ಜೀ, ನಿನ್ನ ಕೆಲಸ ಏನು?"

ಅತ್ತೆ ಮಗನ ಕಡೆ ನೋಡಿದರು. ಮಗ್ಗದಲ್ಲಿ ಕೂತಿದ್ದ ನಮ್ಮವರು ಲಾಳಿ ನಿಲ್ಲಿಸಿದರು. "ಖರೇನ ಹೇಳಬೇ ಯವ್ವಾ. ನೀ ಕೊಂಡಿ ಹಾಕಿ, ಈಕಿ ಕಂಡಿಕಿ ಸುತ್ತಿದ ಮ್ಯಾಲನ ನನ್ನ ಲಾಳಿ ಓಡೂದು."

ಮದುವೆಯಾದಾಗಿನಿಂದ ನಾನು ಕೇಳಿರದ ಮಾತು ಅದು. ಬುಟ್ಟಿಯ ಕಂಡಿಕೆಗಳನ್ನು ಸುಮ್ಮನೆ ಮತ್ತೊಮ್ಮೆ ಹೊಂದಿಸಿಟ್ಟೆ.

"ಹಂಗಾರ ಬರಕೋ," ಎಂದರು ಅತ್ತೆ. "ಕೊಂಡಿ ಹಾಕೂದು. ನಿಮ್ಮವ್ವಂದೂ ಬರಿ, ಕಂಡಿಕಿ ಸುತ್ತೂದು."

ಅಧ್ಯಾಯದ ಮೊದಲ ಪುಟವನ್ನು ಮಗಳು ಅಲ್ಲೇ ಹೊಸದಾಗಿ ಬರೆದಳು. ಗುರುಗಳು ಓದಿ, "ಓಣಿ ತುಂಬ ಹಿಂಗs ಮತ್ತ ಕೇಳ್ಕೊಂಡು ಬಾ. ಸೋಮವಾರ ಸಹಿ ಮಾಡ್ತೀನಿ," ಎಂದರು.

ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೊಸರು. ಮಗಳು ಮೂರು ರೊಟ್ಟಿ ತಿಂದಳು. ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಗುರುಗಳು ಅತ್ತೆಯ ಪಕ್ಕ ಚಾಪೆಯ ಮೇಲೆ ಅಡ್ಡಾದರು. ಮೊದಲು ನಿದ್ದೆ ಹೋದವರು ಅವರೇ, ಬೆರಳಿಗೆ ಕೆಂಪು ಎಳೆಯೊಂದು ಸುತ್ತಿಕೊಂಡೇ ಇತ್ತು.